ಕೊಲಮ್ ಕಿಲ್ ಸಂತನ ಕಣಿವೆ

ಒಂದು ಪುಣ್ಯಸ್ಥಳವೂ ಅದರ ಸುತ್ತಲಿನ ಹಳ್ಳಿಗರ ಬದುಕೂ ಒಂದನ್ನೊಂದು ಹೇಗೆ ಹಿಡಿದು ನಿಲ್ಲಿಸಿಕೊಂಡು ಬಂದಿರುವವೆಂಬದನ್ನು ಪರದೇಶದ ಒಂದು ನಿದರ್ಶನದಿಂದ ವಿವರಿಸಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಆಯ್ದುಕೊಂಡದ್ದು ಆಯರ್ಲಂಡ ದೇಶದ ವಾಯವ್ಯದ ಅಂಚಿನಲ್ಲಿರುವ ಗ್ಲೆನ್‌ಕೊಲಮ್‌ಕಿಲ್ ಎಂಬ ಪ್ಯಾರಿಷು. ಆ ನೆಲವನ್ನು ನಾನು ಕಣ್ಣಾರೆ ಕಂಡವನಲ್ಲ; ಓದಿ ತಿಳಿದು, ಭೂಪಟವನ್ನು ಮುಂದಿಟ್ಟುಕೊಂಡು ಒಂದೊಂದು ಹೆಸರನ್ನು ಹುಡುಕಿ ಮನಸ್ಸಿನಲ್ಲಿಯೇ ಆ ಕಣಿವೆಯನ್ನು ಸುತ್ತಿದವನು. ದೂರದ ಊರಾದರೂ ಅದರ ಕಥೆ ಬೇಸರ ತರಲಾರದೆಂದು ನಂಬಿದ್ದೇನೆ.

ಮೊದಲು ನೆಲದ ಮಾತು. ಆಯರ್ಲಂಡದ ಅಲ್ಸ್ಟರ್ ಪ್ರಾಂತದಲ್ಲಿ ಡೊನೆಗಾಲ್ ಎಂಬ ಜಿಲ್ಲೆಯುಂಟು. ಅಲ್ಸ್ಟರಿನ ಒಂಬತ್ತು ಜಿಲ್ಲೆಗಳಲ್ಲಿ ಆರು 1921ರ ವಿಭಜನೆಯಲ್ಲಿ ಬ್ರಿಟನ್ನಿನ ಕಡೆಗೇ ಉಳಿದವು. ಡೊನೆಗಾಲ್ ಮಾತ್ರ ಉಳಿದೆರಡರ ಸಂಗಡ ಸ್ವತಂತ್ರ ಆಯರ್ಲಂಡಕ್ಕೆ ಸೇರಿತು. ಈ ಜಿಲ್ಲೆಯ ನೈರುತ್ಯದ ಮೂಲೆಯು ಅಟ್ಲಾಂಟಿಕ್ ಮಹಾಸಾಗರದೊಳಕ್ಕೆ ಮೂಗಿನಂತೆ ಚಾಚಿಕೊಂಡಿರುವದು. ದಕ್ಷಿಣಕ್ಕೆ ಸ್ಲೀವ್ ಲೀಗ್ ಎಂಬ ಪರ್ವತವು ಸುಮಾರು 600 ಮೀಟರು ಎತ್ತರದಿಂದ ಕಡಲಿಗೆ ಇಳಿದುಹೋಗಿದೆ; ಉತ್ತರಕ್ಕೆ ಗ್ಲೆನ್ ಹೆಡ್ ಎಂಬ ಕಡಿದಾದ ಭೂಶಿರವಿದೆ. ಇವುಗಳ ನಡುವೆ ಪಶ್ಚಿಮಕ್ಕೆ ಬಾಯ್ದೆರೆದ ಒಂದು ಹಸಿರು ಕಣಿವೆ, ಅದರ ತುದಿಯಲ್ಲಿ ಮರಳ ದಂಡೆ. ಹತ್ತಿರದ ದೊಡ್ಡ ಬಂದರಾದ ಕಿಲ್ಲಿಬೆಗ್ಸ್ ಸುಮಾರು 16 ಮೈಲು ದೂರ. ಆ ಬಂದರಿಗೆ 1893ರಲ್ಲಿ ರೈಲು ಬಂದಿತು, 1959ರ ಕೊನೆಗೆ ನಿಂತೂ ಹೋಯಿತು. ಕಣಿವೆಯ ತನಕ ಅದು ಎಂದೂ ಬರಲಿಲ್ಲ. ಕಡಲಗಾಳಿಯ ಹೊಡೆತಕ್ಕೆ ಮರಗಳು ಎದ್ದು ನಿಲ್ಲುವದು ಕಷ್ಟ. ಕಣಿವೆಯ ತಳವನ್ನು ಬಿಟ್ಟರೆ ಉಳಿದದ್ದೆಲ್ಲ ಪೀಟ್ ಎಂಬ ಜವುಗು ಮಣ್ಣಿನ ಹೊದಿಕೆ. ಈ ಮಣ್ಣನ್ನು ಇಟ್ಟಿಗೆಗಳಂತೆ ಕಡಿದು ಬಿಸಿಲಿಗೊಡ್ಡಿ ಒಣಗಿಸಿದರೆ ಕಟ್ಟಿಗೆಯಂತೆ ಉರಿಯುವದು. ಕಟ್ಟಿಗೆಯಿಲ್ಲದ ನಾಡಿಗೆ ಇದೇ ಒಲೆಯ ಆಧಾರ.

ಇಂಥ ಬಡ ನೆಲದಲ್ಲಿಯೂ ಮನುಷ್ಯರು ಐದು ಸಾವಿರ ವರ್ಷಗಳಿಗೂ ಹಿಂದಿನಿಂದ ನೆಲೆಸಿರುವರು. ಮಾಲಿನ್ ಮೋರ್ ಎಂಬಲ್ಲಿ ಹಾಸುಗಲ್ಲುಗಳನ್ನು ನಿಲ್ಲಿಸಿ ಕಟ್ಟಿದ ಶಿಲಾಸಮಾಧಿಗಳು ಇಂದಿಗೂ ನಿಂತಿವೆ. ಯಾರು ಕಟ್ಟಿದರೋ, ಯಾವ ಮಾತು ಆಡುತ್ತಿದ್ದರೋ, ಅವರ ಹೆಸರೊಂದೂ ಉಳಿದಿಲ್ಲ.

ಇನ್ನು ಪ್ಯಾರಿಷ್ ಎಂದರೇನೆಂಬದನ್ನು ತಿಳಿಸಬೇಕು. ಒಬ್ಬ ಪಾದ್ರಿಯ ಅಧೀನಕ್ಕೆ ಒಳಪಟ್ಟ, ಒಂದು ಇಗರ್ಜಿಗೆ ನಡೆದುಕೊಳ್ಳುವ ಊರುಗಳ ಸೀಮೆಗೆ ಆ ಹೆಸರು. ಆಯರ್ಲಂಡದಲ್ಲಿ 1111 ಮತ್ತು 1152ರ ಧರ್ಮಸಭೆಗಳಲ್ಲಿ ಬಿಷಪ್ಪರ ಪ್ರಾಂತಗಳು ಗೊತ್ತಾದವು. ಅವುಗಳೊಳಗೆ ಪ್ಯಾರಿಷುಗಳ ಎಲ್ಲೆಗಳು ಬರಬರುತ್ತ ಗಟ್ಟಿಯಾದವು. ನಮ್ಮ ಕಣಿವೆಯು ರಫೋ ಎಂಬ ಬಿಷಪ್ಪರ ಪ್ರಾಂತಕ್ಕೆ ಸೇರಿದ್ದು. ತರುವಾಯ ಸರಕಾರವು ಇದೇ ಎಲ್ಲೆಗಳನ್ನು ಕಂದಾಯಕ್ಕೂ ಜನಗಣತಿಗೂ ಉಪಯೋಗಿಸಿಕೊಂಡದ್ದರಿಂದ ಸರಕಾರಿ ಪ್ಯಾರಿಷು ಬೇರೆ, ಕೆಥೋಲಿಕರ ಪ್ಯಾರಿಷು ಬೇರೆ ಎಂಬ ಗೊಂದಲವೂ ಹುಟ್ಟಿತು. ಪ್ಯಾರಿಷಿಗಿಂತ ಚಿಕ್ಕ ವಿಭಾಗವೆಂದರೆ ಟೌನ್‌ಲ್ಯಾಂಡು. ಇಡೀ ದ್ವೀಪದಲ್ಲಿ ಇವು 60 ಸಾವಿರಕ್ಕೂ ಮಿಗಿಲಾಗಿವೆ. ಒಂದೊಂದಕ್ಕೂ ಹೆಸರುಂಟು, ಹಳ್ಳ ದಿಣ್ಣೆಗಳಿಂದ ಗುರುತಾದ ಎಲ್ಲೆಯುಂಟು. ಅಲ್ಲಿಯ ರೈತನನ್ನು ಯಾವ ಊರಪ್ಪಾ ಎಂದು ಕೇಳಿದರೆ ಅವನು ಹೇಳುವದು ತನ್ನ ಟೌನ್‌ಲ್ಯಾಂಡಿನ ಹೆಸರನ್ನೇ.

ಈ ಹೆಸರುಗಳನ್ನು ಬಿಡಿಸಿ ನೋಡುವದೆಂದರೆ ಶಾಸನ ಓದಿದಂತೆ. ಮಾಲಿನ್ ಮೋರ್, ಮಾಲಿನ್ ಬೆಗ್ ಎಂಬಲ್ಲಿ ಮೋರ್ ಎಂದರೆ ಹಿರಿದು, ಬೆಗ್ ಎಂದರೆ ಕಿರಿದು. ಕ್ಯಾಶೆಲ್ ಎಂದರೆ ಕಲ್ಲಿನ ಕೋಟೆ. ಬೆಟ್ಟದ ಮೇಲಿನ ಊರುಗಳ ಹೆಸರುಗಳು ಅನೇಕವಾಗಿ ಮೀನ್ ಎಂಬ ಶಬ್ದದಿಂದ ಮೊದಲಾಗುತ್ತವೆ. ಐರಿಷ್ ಭಾಷೆಯಲ್ಲಿ ಅದಕ್ಕೆ ಜವುಗಿನ ನಡುವಣ ನುಣುಪಾದ ಹುಲ್ಲುಗಾವಲು ಎಂದರ್ಥ. ಮೀನನೇರಿ ಎಂಬ ಊರಿನ ಹೆಸರು ಕುರುಬನ ಹುಲ್ಲುಗಾವಲೆಂಬ ಅರ್ಥವುಳ್ಳದ್ದು. ಮೊದಲು ಜನರು ಬೇಸಗೆಯಲ್ಲಿ ದನಗಳನ್ನು ಹೊಡೆದುಕೊಂಡು ಈ ಎತ್ತರದ ಗಾವಲುಗಳಿಗೆ ಹೋಗಿ, ಗುಡಿಸಲು ಹಾಕಿ, ಹೈನು ಮಾಡಿಕೊಂಡು, ಚಳಿ ಬರುವಷ್ಟರಲ್ಲಿ ಕೆಳಗಿಳಿದು ಬರುತ್ತಿದ್ದರು. 18 ಮತ್ತು 19ನೆಯ ಶತಮಾನಗಳಲ್ಲಿ ಜನಸಂಖ್ಯೆ ಬೆಳೆದು ಕೆಳಗಿನ ಭೂಮಿ ಸಾಲದಾದಾಗ ಆ ಬೇಸಗೆಯ ಗುಡಿಸಲುಗಳೇ ಕಾಯಮ್ಮಿನ ಮನೆಗಳಾದವು. ಚರಿತ್ರೆ ಬರೆಯುವವರಾರೂ ಇಲ್ಲದಿದ್ದರೂ ಹೆಸರು ಆ ಚರಿತ್ರೆಯನ್ನು ಇಟ್ಟುಕೊಂಡಿತು. 1835ರಲ್ಲಿ ಸರಕಾರದ ಭೂಮಾಪನ ಇಲಾಖೆಯ ಪರವಾಗಿ ಜಾನ್ ಒಡಾನವನ್ ಎಂಬ ವಿದ್ವಾಂಸನು ಡೊನೆಗಾಲಿನಲ್ಲೆಲ್ಲ ತಿರುಗಿ ಈ ಹೆಸರುಗಳನ್ನು ಜನರ ಬಾಯಿಂದ ಕೇಳಿ ಅರ್ಥವಿಚಾರ ಮಾಡಿದನು. ಆದರೆ ನಕಾಶೆಯ ಮೇಲೆ ಅವು ಇಂಗ್ಲಿಷಿನ ಉಚ್ಚಾರಕ್ಕೆ ತಕ್ಕಂತೆ ಬಿದ್ದವು. ಮೀನ್ ಎಂಬುದು ಉಳಿದರೂ ಅದರ ಅರ್ಥ ಓದುವವನಿಗೆ ಕಾಣದಂತಾಯಿತು. ಶಬ್ದಶಾಸ್ತ್ರವನ್ನು ಪ್ರೀತಿಸುವವನಿಗೆ ಇದು ಸಣ್ಣ ನಷ್ಟವಲ್ಲ.

ಕಣಿವೆಗೂ ಮೊದಲು ಸೆಂಗ್ಲೆನ್, ಅಂದರೆ ಹಳೆಯ ಕಣಿವೆ, ಎಂಬ ಹೆಸರಿತ್ತು. ಇಂದಿನ ಹೆಸರಿಗೆ ಕೊಲಮ್ ಕಿಲ್ ಸಂತನ ಕಣಿವೆ ಎಂದರ್ಥ. ಈತನು ಕ್ರಿ. ಶ. 521ರ ಸುಮಾರಿಗೆ ಡೊನೆಗಾಲಿನ ಗಾರ್ಟನ್ ಎಂಬಲ್ಲಿ ರಾಜವಂಶದಲ್ಲಿ ಹುಟ್ಟಿದವನು. ಕೊಲಮ್ ಕಿಲ್ ಎಂದರೆ ಇಗರ್ಜಿಯ ಪಾರಿವಾಳ. 563ರಲ್ಲಿ ಸ್ವದೇಶವನ್ನು ತೊರೆದು ಸ್ಕಾಟ್ಲಂಡದ ಪಶ್ಚಿಮದ ಅಯೋನಾ ದ್ವೀಪದಲ್ಲಿ ಮಠವನ್ನು ಸ್ಥಾಪಿಸಿ 597ರಲ್ಲಿ ಅಲ್ಲಿಯೇ ದೇಹವಿಟ್ಟನು. ಈತನು ಈ ಕಣಿವೆಗೆ ಬಂದದ್ದು ಹೇಗೆಂಬ ಕಥೆಯನ್ನು ಮಾನುಸ್ ಒಡಾನೆಲ್ ಎಂಬ ಅರಸುಮನೆತನದವನು 1532ರಲ್ಲಿ ರಚಿಸಿದ ಚರಿತ್ರೆಯಲ್ಲಿ ಹೇಳಿರುವನು. ಪ್ಯಾಟ್ರಿಕ್ ಸಂತನು ಬೆಟ್ಟವೊಂದರಿಂದ ಓಡಿಸಿದ ಭೂತಗಳಲ್ಲಿ ಕೆಲವು ಈ ಕಣಿವೆಯಲ್ಲಿ ಅಡಗಿ, ಯಾರೂ ಒಳಗೆ ಕಾಲಿಡದಂತೆ ಮಂಜನ್ನು ಕವಿಸಿದ್ದವಂತೆ. ಕೊಲಮ್ ಕಿಲ್ ಸಂತನು ಬಂದು ಅವುಗಳನ್ನು ಕಡಲಿಗಟ್ಟಿದನಂತೆ. ಶಾಸ್ತ್ರದೃಷ್ಟಿಯಿಂದ ಹೇಳುವದಾದರೆ, ಸಂತನ ತರುವಾಯ ನೂರು ವರ್ಷಗಳಲ್ಲಿ ಅಯೋನಾದ ಮಠಾಧಿಪತಿಯಾದ ಅಡಮ್ನಾನನು ಬರೆದ ಚರಿತ್ರೆಯಲ್ಲಿ ಈ ಪ್ರಸಂಗವಿಲ್ಲ. ಸಂತನು ಇಲ್ಲಿಗೆ ಬಂದದ್ದಕ್ಕೆ ಸಮಕಾಲೀನ ಆಧಾರವೂ ಇಲ್ಲ. ಆದರೆ ಕಣಿವೆಯ ಉದ್ದಕ್ಕೂ ಶಿಲುಬೆಯ ಚಿತ್ರಗಳನ್ನು ಕೊರೆದ ಹಳೆಯ ಕಲ್ಲುಗಳು ನಿಂತಿವೆ. ಪ್ರಾಚೀನ ಕಾಲದಲ್ಲಿಯೇ ಕ್ರೈಸ್ತ ಸನ್ಯಾಸಿಗಳು ಇಲ್ಲಿ ನೆಲೆಸಿದ್ದರೆಂಬದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಈ ಕಲ್ಲುಗಳನ್ನು ಹಿಡಿದು ನಡೆಯುವ ಯಾತ್ರೆಗೆ ತೂರಸ್ ಎಂದು ಹೆಸರು. ಸಂತನ ಉತ್ಸವದ ದಿನವಾದ ಜೂನ್ 9ರಂದು ಇದು ನಡೆಯುವದು. ಹಳೆಯ ಪದ್ಧತಿಯಂತೆ ನಡುರಾತ್ರಿಗೆ ಹೊರಟು, ಬರಿಗಾಲಿನಲ್ಲಿ, 15 ಸ್ಥಾನಗಳನ್ನು ಮುಟ್ಟಿ, ಬೆಳಗಾಗುವಷ್ಟರಲ್ಲಿ ಮುಗಿಸಬೇಕು. ದಾರಿ ಮೂರು ಮೈಲಿಗೆ ಮೀರಿದ್ದು. ಹಳ್ಳ ದಾಟಬೇಕು, ಜವುಗನ್ನು ತುಳಿಯಬೇಕು, ಗುಡ್ಡ ಹತ್ತಬೇಕು. ಸ್ಥಾನಗಳಲ್ಲಿ ಪ್ರಾರ್ಥನೆ ಹೇಳುತ್ತ ಸೂರ್ಯನು ತಿರುಗುವ ದಿಕ್ಕಿನಲ್ಲಿ ಮೂರು ಪ್ರದಕ್ಷಿಣೆ ಬರುವದುಂಟು. ಒಂದು ಕಡೆ ಸಂತನ ಹಾಸಿಗೆಯೆನಿಸುವ ಕಲ್ಲಿನ ಹಾಸು. ಯಾತ್ರಿಕರು ಅದರಲ್ಲಿ ಮಲಗಿ ಮೂರು ಸಲ ಹೊರಳಿ ಏಳುವರು. ಗುಡ್ಡದ ಮೇಲೆ ಸಂತನ ಬಾವಿ. ಅದಕ್ಕೆ ಹೋಗುವವರು ಏರುವಾಗಲೇ ಮೂರು ಮೂರು ಕಲ್ಲುಗಳನ್ನು ಕೈಯಲ್ಲಿ ಹಿಡಿದು ಹೋಗಿ ಬಾವಿಯ ಬಳಿ ಇಡುವರು. ಎಷ್ಟು ತಲೆಮಾರುಗಳ ಕಲ್ಲೋ, ಇಂದು ಬಾವಿಯ ಸುತ್ತ ಅದೇ ಒಂದು ದಿಬ್ಬವಾಗಿ ನಿಂತಿದೆ.

ಇನ್ನೊಂದು ಸ್ಥಾನದಲ್ಲಿ ಸಂತೆಯ ಕಲ್ಲು ಎಂಬ ಎತ್ತರದ ಶಿಲೆಯಲ್ಲಿ ಒಂದು ರಂಧ್ರವುಂಟು. ಶುದ್ಧಾಂತಃಕರಣನಾದವನು ಅದರೊಳಗಿಂದ ನೋಡಿದರೆ ಸ್ವರ್ಗದ ನೋಟ ಕಾಣುವದೆಂದು ಪ್ರತೀತಿ. ಮದುವೆಯಾಗುವ ಗಂಡುಹೆಣ್ಣುಗಳು ಆಚೆ ಈಚೆ ನಿಂತು ಆ ರಂಧ್ರದಲ್ಲಿ ಬೆರಳಿಗೆ ಬೆರಳು ಕೂಡಿಸಿ ಮಾತು ಕೊಡುತ್ತಿದ್ದರಂತೆ. ಮೊದಲನೆಯ ಸ್ಥಾನವಿರುವದು ಪ್ರಾಟೆಸ್ಟಂಟರ ಇಗರ್ಜಿಯ ಆವರಣದಲ್ಲಿ! ಸತ್ತೆಯ ಬಲದಿಂದ ಹಳೆಯ ಪುಣ್ಯಸ್ಥಳಗಳು ಆ ಪಂಥಕ್ಕೆ ಹೋದ ಮೇಲೆಯೂ ಕೆಥೋಲಿಕ ಯಾತ್ರಿಕರು ತಮ್ಮ ದಾರಿಯನ್ನು ಬದಲಿಸಲಿಲ್ಲ. ಇಗರ್ಜಿ ಯಾರದಾದರೇನು, ಕಲ್ಲು ತಮ್ಮದೆಂದು ನಡೆದುಬಂದರು. ಕಾನೂನಿನಿಂದ ದೊರೆಯುವ ಒಡೆತನ ಒಂದು ಬಗೆ, ಪಾದದಿಂದ ದೊರೆಯುವದು ಇನ್ನೊಂದು ಬಗೆ.

ಈ ಸತ್ತೆಯ ಬದಲಾವಣೆಯನ್ನು ಸಂಕ್ಷೇಪವಾಗಿ ಹೇಳಿಬಿಡುವೆನು. ಮೊದಲು ಇಂಥ ಪುಣ್ಯಭೂಮಿಗಳನ್ನು ವಂಶಪಾರಂಪರ್ಯವಾಗಿ ಕೆಲವು ಮನೆತನಗಳು ಉಂಬಳಿಯಂತೆ ನೋಡಿಕೊಳ್ಳುತ್ತಿದ್ದವು. 1609ರಿಂದ ಅಲ್ಸ್ಟರಿನ ಬಹುಭಾಗದ ಭೂಮಿಯನ್ನು ಇಂಗ್ಲಂಡದ ಅರಸನು ಕಿತ್ತು ಹಂಚಿದಾಗ ಆ ಪ್ರಾಂತದ ಇಂಥ ಭೂಮಿಗಳು ಪ್ರಾಟೆಸ್ಟಂಟ ಬಿಷಪ್ಪರ ಪಾಲಾದವು. ಮುಂದೆ ಕೆಥೋಲಿಕರ ಮೇಲೆ ಕಠಿಣ ಕಾಯಿದೆಗಳು ಬಿದ್ದವು. ಅವರಿಗೆ ಪೂರ್ಣ ರಾಜಕೀಯ ಹಕ್ಕು ದೊರೆತದ್ದು 1829ರಲ್ಲಿ. ಇಗರ್ಜಿಗಳಿಲ್ಲದ ದಿನಗಳಲ್ಲಿ ಬಯಲಿನ ಬಂಡೆಗಳ ಮೇಲೆಯೂ ಮನೆಗಳಲ್ಲಿಯೂ ಪೂಜೆ ನಡೆಯುತ್ತಿತ್ತು. ಅದರ ಕುರುಹಾಗಿ ಪಾದ್ರಿಯು ವರುಷಕ್ಕೆರಡು ಸಲ ಸರದಿಯಂತೆ ಒಬ್ಬೊಬ್ಬರ ಮನೆಗೆ ಬಂದು ಪೂಜೆ ನಡಿಸುವ ಪದ್ಧತಿ ಆಯರ್ಲಂಡದ ಹಳ್ಳಿಗಳಲ್ಲಿ ಬಹುಕಾಲ ಉಳಿಯಿತು. ತಮ್ಮ ಮನೆಯ ಸರದಿ ಬಂದಿತೆಂದರೆ ಗೋಡೆಗೆ ಸುಣ್ಣ, ಅಂಗಳಕ್ಕೆ ಕಲ್ಲು, ಬಾಗಿಲಿಗೆ ಬಣ್ಣ. ನೆರೆಹೊರೆಯವರೆಲ್ಲ ಕೂಡಿ ಪೂಜೆ ಕೇಳಿ, ಅಲ್ಲಿಯೇ ಊಟ ಮಾಡಿ ಹೋಗುವರು. ಮನಸ್ತಾಪವುಳ್ಳವರೂ ಆ ದಿನ ಒಂದೇ ಚಾವಣಿಯ ಕೆಳಗೆ ಕೂಡಬೇಕಾಗುತ್ತಿತ್ತು.

ಅವರ ಒಕ್ಕಲುತನದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವದು ಅವಶ್ಯ, ಏಕೆಂದರೆ ಊರಿನ ಒಗ್ಗಟ್ಟಿನ ಬೇರು ಅಲ್ಲಿಯೇ ಇತ್ತು. ಹತ್ತಿಪ್ಪತ್ತು ಮನೆಗಳು ಒತ್ತೊತ್ತಾಗಿ ಒಂದು ಗುಂಪಿನಲ್ಲಿ ಇರುತ್ತಿದ್ದವು. ಸುತ್ತಲಿನ ಭೂಮಿಯನ್ನು ರಂಡೇಲ್ ಎಂಬ ಪದ್ಧತಿಯಂತೆ ಎಲ್ಲರೂ ಸಮಷ್ಟಿಯಾಗಿ ಹಿಡಿದು, ಒಳ್ಳೆಯ ಭೂಮಿಯಲ್ಲಿ ಒಂದು ತುಂಡು, ನಡುತರದ್ದರಲ್ಲಿ ಒಂದು, ಕೆಟ್ಟದ್ದರಲ್ಲಿ ಒಂದು ಎಂದು ಹಂಚಿಕೊಳ್ಳುತ್ತಿದ್ದರು. ಬೆಟ್ಟದ ಗಾವಲು ಎಲ್ಲರದೂ. ಕಡಲಪಾಚಿಯನ್ನು ಹೊತ್ತು ತಂದು ಗೊಬ್ಬರವಾಗಿ ಹಾಕಿ, ಗುದ್ದಲಿಯಿಂದ ಎತ್ತರದ ಮಡಿಗಳನ್ನು ಕಟ್ಟಿ ಬಟಾಟೆ ಬೆಳೆಯುತ್ತಿದ್ದರು. ಪೀಟ್ ಕಡಿಯುವಾಗ, ಹುಲ್ಲು ಕೊಯ್ಯುವಾಗ ಒಬ್ಬರಿಗೊಬ್ಬರು ಮುಯ್ಯಾಳಾಗಿ ಹೋಗುವರು. ಇದಕ್ಕೆ ಅವರ ಭಾಷೆಯಲ್ಲಿ ಮೆಹಲ್ ಎನ್ನುವರು. ಮಕ್ಕಳಿಗೆ ಹಂಚುತ್ತ ಹೋದಂತೆ ತುಂಡುಗಳು ಕಿರಿದಾಗಿ ಜಗಳಗಳಿಗೂ ಕೊರತೆಯಿರಲಿಲ್ಲವೆಂಬದನ್ನು ಮರೆಮಾಚಬಾರದು. ಆದರೂ ಬಡತನವನ್ನು ಹಂಚಿಕೊಳ್ಳುವ ಒಂದು ನ್ಯಾಯ ಅಲ್ಲಿತ್ತು.

1845ರಲ್ಲಿ ಬಟಾಟೆಗೆ ರೋಗ ತಗಲಿತು. ಒಂದೇ ಬೆಳೆಯನ್ನು ನಂಬಿದ ನಾಡು. ಮುಂದಿನ ನಾಲ್ಕೈದು ವರುಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಕಡಿಮೆಯಿಲ್ಲದಷ್ಟು ಜನ ಹಡಗು ಹತ್ತಿದರು. 1841ರಲ್ಲಿ 81 ಲಕ್ಷಕ್ಕೂ ಮಿಗಿಲಿದ್ದ ಆಯರ್ಲಂಡದ ಜನಸಂಖ್ಯೆ 1851ರಲ್ಲಿ 65 ಲಕ್ಷದ ಸುಮಾರಿಗೆ ಇಳಿಯಿತು. ದೇಶದಿಂದ ಧಾನ್ಯವು ಹೊರಕ್ಕೆ ಸಾಗುತ್ತಿದ್ದಾಗಲೇ ಇಷ್ಟೂ ನಡೆಯಿತೆಂಬದನ್ನು ಅಲ್ಲಿಯ ಜನ ಇಂದಿಗೂ ಮರೆತಿಲ್ಲ. ಆ ಶತಮಾನದಲ್ಲಿಯೇ ಜಮೀನ್ದಾರರು ರಂಡೇಲ್ ಪದ್ಧತಿಯನ್ನು ಮುರಿದು ಭೂಮಿಯನ್ನು ನೀಟಾದ ಪಟ್ಟಿಗಳಾಗಿ ಅಳೆದು ಒಬ್ಬೊಬ್ಬನಿಗೆ ಒಂದೊಂದೆಂದು ಕೊಟ್ಟರು. ಪ್ರತಿಯೊಬ್ಬನೂ ತನ್ನ ಪಟ್ಟಿಯ ಮೇಲೆ ಮನೆ ಕಟ್ಟಬೇಕಾಯಿತು. ಲೆಕ್ಕ ಸರಿಹೋಯಿತು, ಹುಟ್ಟುವಳಿಗೂ ಅನುಕೂಲವಾಯಿತೆನ್ನಬಹುದು. ಆದರೆ ಗುಂಪಾಗಿದ್ದ ಮನೆಗಳು ಚದರಿದವು. ಗೋಡೆಯಾಚೆಯಿಂದ ಕೂಗಿದರೆ ಕೇಳುತ್ತಿದ್ದ ನೆರೆಮನೆ ಈಗ ಒಂದು ಹೊಲದ ದೂರ. 1903ರ ಭೂಕಾಯಿದೆಯಿಂದ ಮುಂದೆ ಒಕ್ಕಲುಗಳೇ ಒಡೆಯರಾಗುತ್ತ ಬಂದರು; ಒಡೆತನ ಬರುವಷ್ಟರಲ್ಲಿ ಉಳುವ ಕೈಗಳು ಊರು ಬಿಡುತ್ತಿದ್ದವು.

ಊರು ಬಿಡುವದು ಎರಡು ಬಗೆ. ಒಂದು, ಬೇಸಗೆಗೆ ಸ್ಕಾಟ್ಲಂಡಕ್ಕೆ ಬಟಾಟೆ ಅಗೆಯಲು ಹೋಗಿ ಚಳಿಗಾಲಕ್ಕೆ ತಿರುಗಿ ಬರುವದು. ಇನ್ನೊಂದು, ಅಮೇರಿಕೆಗೆ ಹೋಗುವದು. ಅದು ಮರಳಿ ಬಾರದ ದಾರಿ. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಸತ್ತವರ ಮನೆಯಲ್ಲಿ ಜಾಗರಣೆ ಮಾಡುವಂತೆಯೇ ನೆರೆಯವರೆಲ್ಲ ಕೂಡಿ ಬೆಳಗಿನ ತನಕ ಕುಳಿತು, ಹಾಡಿ ಕುಣಿದು, ಅತ್ತು ಕಳಿಸುತ್ತಿದ್ದರು. ಅಮೇರಿಕದ ಜಾಗರಣೆಯೆಂದೇ ಅದಕ್ಕೆ ಹೆಸರು. ಮಗಳನ್ನು ಜೀವಂತವಾಗಿಯೇ ಸತ್ತವಳಂತೆ ಕಳಿಸಿಕೊಡುವ ತಾಯಿಯ ಸ್ಥಿತಿಯನ್ನು ಇಲ್ಲಿ ಕುಳಿತಿರುವ ತಾಯಂದಿರಿಗೆ ನಾನು ಬಣ್ಣಿಸಬೇಕಾಗಿಲ್ಲ.

ಉಳಿದವರ ಮನೆ ಹೀಗಿತ್ತು. ದಪ್ಪ ಕಲ್ಲಿನ ಗೋಡೆ, ಸುಣ್ಣ, ಮೇಲೆ ಹುಲ್ಲಿನ ಹೊದಿಕೆ. ಗಾಳಿ ಹಾರಿಸದಂತೆ ಹೊದಿಕೆಯ ಮೇಲೆ ಹಗ್ಗಗಳನ್ನೆಳೆದು ಗೋಡೆಯಿಂದ ಹೊರಚಾಚಿದ ಕಲ್ಲಿನ ಗೂಟಗಳಿಗೆ ಬಿಗಿದಿರುವರು. ಒಲೆಯ ಪಕ್ಕದ ಗೋಡೆಯನ್ನು ಹೊರಕ್ಕೆ ತುಸು ಉಬ್ಬಿಸಿ ಮುದುಕರ ಹಾಸಿಗೆಗೆ ಸ್ಥಳ ಮಾಡಿರುವರು. ಮನೆಯಲ್ಲಿ ಬೆಚ್ಚಗಿನ ಮೂಲೆ ಅದೇ. ರಾತ್ರಿ ಕೆಂಡವನ್ನು ಬೂದಿಯಲ್ಲಿ ಹೂತು ಪ್ರಾರ್ಥನೆ ಹೇಳಿ ಮಲಗುವರು, ಬೆಳಗಿಗೆ ಅದರಿಂದಲೇ ಬೆಂಕಿ. ಚಳಿಗಾಲದ ದೀರ್ಘರಾತ್ರಿಗಳಲ್ಲಿ ಒಂದು ಮನೆಯ ಒಲೆಯ ಸುತ್ತ ನೆರೆಯವರು ಕೂಡಿ, ಹೆಂಗಸರು ನೂಲುತ್ತ ಹೆಣೆಯುತ್ತ, ಮುದುಕರು ಕಥೆ ಹೇಳುತ್ತ, ಪಿಟೀಲು ಬಾರಿಸುತ್ತ ಹೊತ್ತು ಕಳೆಯುವರು. 1935ರಲ್ಲಿ ಸರಕಾರವು ಜಾನಪದ ಸಂಗ್ರಹಕ್ಕೆ ಆಯೋಗವೊಂದನ್ನು ಏರ್ಪಡಿಸಿದಾಗ ಸಮೀಪದ ಟೀಲಿನ್ ಊರಿನ ಬೆಸ್ತರ ನಡುವಿನಿಂದ ಬಂದ ಶಾನ್ ಓಹ್ಯೋಖಿ ಎಂಬ ತರುಣನು ಸಂಗ್ರಾಹಕನಾದನು. ಹತ್ತಾರು ವರುಷ ಡೊನೆಗಾಲಿನ ಇಂಥ ಒಲೆಗಳ ಮುಂದೆ ಕುಳಿತು ಕೇಳಿ ಬರೆದುಕೊಂಡನು. ಶಾಲೆಯ ಪಂಡಿತನಿಗೆ ಬಾಯಿ ಬಿಡದ ಮುದುಕನು ತನ್ನ ಮಾತನ್ನೇ ಆಡುವ ನೆರೆಯವನಿಗೆ ಬಾಯಿ ಬಿಡುವನು.

1951ರಲ್ಲಿ ಈ ಪ್ಯಾರಿಷಿಗೆ ಜೇಮ್ಸ್ ಮೆಕ್‌ಡಯರ್ ಎಂಬ ಪಾದ್ರಿ ಬಂದರು. 1910ರಲ್ಲಿ ಡೊನೆಗಾಲಿನಲ್ಲಿಯೇ ಹುಟ್ಟಿದವರು. ಯುದ್ಧಕಾಲದಲ್ಲಿ ಇಂಗ್ಲಂಡದಲ್ಲಿ, ತರುವಾಯ ಟೋರಿ ಎಂಬ ನಡುಗಡ್ಡೆಯಲ್ಲಿ ಸೇವೆ ಮಾಡಿದವರು. ವಲಸೆ ಹೋದ ತನ್ನವರ ಬಾಳನ್ನು ಇಂಗ್ಲಂಡದಲ್ಲಿ ಕಣ್ಣಾರೆ ಕಂಡಿದ್ದರು. ಕಣಿವೆಯಲ್ಲಿ ವಿದ್ಯುತ್ತಿಲ್ಲ, ನಲ್ಲಿಯ ನೀರಿಲ್ಲ, ಒಳ್ಳೆಯ ರಸ್ತೆಯಿಲ್ಲ, ತರುಣರಿಗೆ ಉದ್ಯೋಗವಿಲ್ಲ. ಹೀಗೆಯೇ ಬಿಟ್ಟರೆ ಮುಂದೆ ಇಗರ್ಜಿಯಲ್ಲಿ ಶವಸಂಸ್ಕಾರ ಮಾಡುವ ಕೆಲಸವೊಂದೇ ತಮಗೆ ಉಳಿಯುವದೆಂದು ಅವರಿಗೆ ತೋರಿತು. ಮೊದಲು ಮಾಡಿದ ಕೆಲಸ ಊರಿಗೊಂದು ಸಭಾಗೃಹ. ಜನರು ಕೂಲಿಯಿಲ್ಲದೆ ಕಲ್ಲು ಹೊತ್ತು ಕಟ್ಟಿದರು. ಅನ್ನಕ್ಕಿಂತ ಮೊದಲು ಮನೋರಂಜನೆಗೇಕೆ ಕಟ್ಟಡವೆಂದು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಅವರ ಎಣಿಕೆ ಸರಿಯಾಗಿತ್ತು: ಕೂಡಿ ಕೆಲಸ ಮಾಡುವದನ್ನು ಜನ ಮರೆತಿದ್ದರು, ಒಂದು ಕೆಲಸವನ್ನು ಮುಗಿಸಿ ಕಣ್ಣ ಮುಂದೆ ನಿಲ್ಲಿಸಿದ ಹೊರತು ಎರಡನೆಯದಕ್ಕೆ ಯಾರೂ ಬರುತ್ತಿರಲಿಲ್ಲ. ಆ ಬಳಿಕ ಸರಕಾರದ ಬೆನ್ನು ಹತ್ತಿ ವಿದ್ಯುತ್ತು, ನೀರು, ರಸ್ತೆಗಳನ್ನು ತರಿಸಿದರು.

1960ರ ದಶಕದಲ್ಲಿ ರೈತರ ಸಹಕಾರಿ ಸಂಘ ಹುಟ್ಟಿತು. ಸರಕಾರಿ ಸಕ್ಕರೆ ಕಂಪನಿಯ ನೆರವಿನಿಂದ ತರಕಾರಿ ಬೆಳೆದು ಸಂಸ್ಕರಿಸುವ ಕಾರಖಾನೆ, ಹೆಣಿಗೆಯ ಸಂಘ, ಮುಂದೆ ಮೀನಿನ ಕಾರಖಾನೆ ಬಂದವು. ಚಿಕ್ಕ ಚಿಕ್ಕ ಹಿಡುವಳಿಗಳನ್ನೆಲ್ಲ ಕೂಡಿಸಿ ಸಮಷ್ಟಿ ಒಕ್ಕಲುತನ ಮಾಡಬೇಕೆಂಬ ಯೋಜನೆಯನ್ನೂ ಮುಂದಿಟ್ಟರು. ಕೆಲವರು ಇವರನ್ನು ಸಮತಾವಾದಿಯೆಂದು ಸಂಶಯದಿಂದ ನೋಡಿದರು. ನಿಜವಾಗಿ ಅದು ರಂಡೇಲಿನ ಹಳೆಯ ನ್ಯಾಯವನ್ನೇ ಹೊಸ ಲೆಕ್ಕದ ಪುಸ್ತಕದಲ್ಲಿ ಬರೆಯುವ ಪ್ರಯತ್ನವೆಂದು ನನಗೆ ಕಾಣುತ್ತದೆ. ಯೋಜನೆ ಕೈಗೂಡಲಿಲ್ಲ. ತರಕಾರಿಯ ಕಾರಖಾನೆಯೂ ಬಹುಕಾಲ ನಿಲ್ಲಲಿಲ್ಲ. ಗಾಳಿಯ ನೆಲ, ದೂರದ ಪೇಟೆ. ಆದರೆ 1967ರಲ್ಲಿ ಜನರೇ ಕಟ್ಟಿದ ಜಾನಪದ ಗ್ರಾಮವು ನಿಂತಿತು. ಮೂರು ಶತಮಾನಗಳ ಮೂರು ಹುಲ್ಲು ಹೊದಿಕೆಯ ಮನೆಗಳು, ಒಳಗೆ ಆಯಾ ಕಾಲದ ಪಾತ್ರೆ ಪಗಡೆ, ರಾಟೆ, ಹಾಸಿಗೆ. ಅದನ್ನು ನೋಡಲು ಪ್ರವಾಸಿಗರು ಇಂದಿಗೂ ಬರುವರು. ಮೆಕ್‌ಡಯರರು 1987ರಲ್ಲಿ ತೀರಿಕೊಂಡರು.

ಇವರ ಉದ್ಯಮ ಸಫಲವೋ ವಿಫಲವೋ ಎಂದು ಕೆಲವರು ವಾದಿಸುವದುಂಟು. ವಲಸೆ ನಿಲ್ಲಲಿಲ್ಲವೆಂಬುದು ದಿಟ. ನಿಂತುಹೋದ ಕಾರಖಾನೆಯನ್ನು ತೋರಿಸಿ ನಗುವದು ಸುಲಭ. ಆದರೆ ಹೋದವರನ್ನು ಮಾತ್ರ ಎಣಿಸಿ, ಅವರಿಲ್ಲದಿದ್ದರೆ ಹೋಗುತ್ತಿದ್ದವರನ್ನು ಎಣಿಸದ ಲೆಕ್ಕ ಅರ್ಧದ ಲೆಕ್ಕ. ಇನ್ನೊಂದು ಸಂಕಟ ಭಾಷೆಯದು. ಐರಿಷ್ ಭಾಷಿಕ ಪ್ರದೇಶವೆಂದು ಸರಕಾರವು ಗುರುತಿಸಿದ ಸೀಮೆಗೆ ಈ ಕಣಿವೆ ಸೇರಿದ್ದರೂ ಇಂದು ಮನೆಮಾತಾಗಿ ಇಂಗ್ಲಿಷೇ ಹೆಚ್ಚು. 1984ರಲ್ಲಿ ಲೀಯಮ್ ಓಕ್ವಿನೆಗಾನ್ ಮತ್ತು ಶೋಸವ್ ವಾಟ್ಸನ್ ಎಂಬಿಬ್ಬರು ಒಡೇಸ್ ಗೇಲ್ ಎಂಬ ಸಂಸ್ಥೆಯನ್ನು ಇಲ್ಲಿ ಸ್ಥಾಪಿಸಿದರು; ಅದು ದೊಡ್ಡವರಿಗೆ ಐರಿಷ್ ಭಾಷೆಯನ್ನು ಕಲಿಸುತ್ತ ಬಂದಿದೆ. ಪರದೇಶಗಳಿಂದಲೂ ವಿದ್ಯಾರ್ಥಿಗಳು ಬೇಸಗೆಯಲ್ಲಿ ಬಂದು ಊರಿನ ಮನೆಗಳಲ್ಲಿ ಇಳಿದುಕೊಳ್ಳುವರು. ಒಂದು ಕಾಲಕ್ಕೆ ಈ ಮಾತು ಬಡತನದ ಗುರುತೆಂದು ಮಕ್ಕಳಿಗೆ ಕಲಿಸದೆ ಬಿಟ್ಟ ನಾಡಿಗೆ ಅದನ್ನು ಕಲಿಯುವದಕ್ಕಾಗಿ ಜನ ಹಣ ಕೊಟ್ಟು ಬರುತ್ತಿರುವರು.

ಜೂನ್ 9ರ ಯಾತ್ರೆಯೂ ನಿಂತಿಲ್ಲ. ನಡುರಾತ್ರಿಗೆ ಹೊರಡುವವರು ಈಗ ಕೆಲವರೇ. ಹಲವರು ಹಗಲಿನಲ್ಲಿ, ಕಾಲಿಗೆ ಜೋಡು ಹಾಕಿಕೊಂಡೇ ನಡೆಯುವರು. ಬಾವಿಯ ಗುಡ್ಡ ಹತ್ತುವಾಗ ಮಾತ್ರ ಇಂದಿಗೂ ಬಗ್ಗಿ ಮೂರು ಕಲ್ಲು ಆರಿಸಿಕೊಳ್ಳುವರಂತೆ.